ಐದನೆಯದೇ ಯಾಕೆ ಮರೆತುಹೋಗುತ್ತದೆ

ಮುಂಬೈ ಬಳಿಯ ಅಂಬರನಾಥದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ರೆಶರ್ ಕುಕ್ಕರ್ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಮುಚ್ಚಳ ತಪಾಸಣೆಗೆ ಹೊಸದಾಗಿ ಸೇರುವ ಹೆಂಗಸರಿಗೆ ಕೆಲಸ ಕಲಿಸುವವಳು ಸ್ವರ್ಣಲತಾ. ಅವಳ ಊರು ಕಾಪು ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಮೊದಲು ಅವಳೇ ಮೇಜಿನ ಮುಂದೆ ನಿಂತು ಮುಚ್ಚಳ ನೋಡುತ್ತಿದ್ದಳು. ಕಲಿಸುವ ಕೆಲಸಕ್ಕೆ ಬಂದು ಆರು ವರ್ಷ.

ಒಂದು ಮುಚ್ಚಳಕ್ಕೆ ಒಂಬತ್ತು ತಪಾಸಣೆ. ಮೊದಲು ಮುಚ್ಚಳ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು, ಆವಿ ಹೋಗುವ ಕೊಳವೆಯ ತೂತಿನಿಂದ ಬೆಳಕು ಕಾಣುತ್ತದೋ ನೋಡಬೇಕು. ಎರಡು, ಹಿಡಿ ಅಲ್ಲಾಡಿಸಿ ನೋಡುವುದು. ಮೂರು, ಹಿಡಿಯ ಸ್ಕ್ರೂ ಬಿಗಿಯಾಗಿದೆಯೋ ಎಂದು ಹೆಬ್ಬೆರಳು ಒತ್ತುವುದು. ನಾಲ್ಕು, ಮುಚ್ಚಳದ ಅಂಚಿನ ಸುತ್ತ ತೋರುಬೆರಳು ಓಡಿಸಿ, ಎಲ್ಲಾದರೂ ಲೋಹ ಚೂಪಾಗಿ ಎದ್ದಿದೆಯೋ ತಿಳಿಯುವುದು. ಐದು, ಒಳಗಿನ ರಬ್ಬರ್ ಗ್ಯಾಸ್ಕೆಟ್ ಸುತ್ತ ಬೆರಳು ಓಡಿಸಿ, ಅದು ಸರಿಯಾಗಿ ಕೂತಿದೆಯೋ ನೋಡುವುದು. ಆರು, ಸೇಫ್ಟಿ ವಾಲ್ವನ್ನು ಹಿಂದಿನಿಂದ ಒತ್ತುವುದು. ಏಳು, ಸೀಟಿ ಕೂರಿಸಿ ಎತ್ತುವುದು. ಎಂಟು, ಪಾತ್ರೆಗೆ ಹಾಕಿ ತಿರುಗಿಸಿ ಮುಚ್ಚುವುದು. ಒಂಬತ್ತು, ಒರೆಸಿ ತನ್ನ ಮೇಜಿನ ಸ್ಟಿಕ್ಕರ್ ಅಂಟಿಸುವುದು. ಯಾವ ತಪಾಸಣೆಯನ್ನು ಮೊದಲು ಮಾಡಿದರೂ ಮುಚ್ಚಳಕ್ಕೆ ವ್ಯತ್ಯಾಸವಿಲ್ಲ. ಮುಚ್ಚುವುದು ಮತ್ತು ಸ್ಟಿಕ್ಕರ್ ಕೊನೆಗೆ ಬಂದರೆ ಸಾಕು. ಆದರೆ ಗೋಡೆಯ ಮೇಲಿನ ಚಾರ್ಟಿನಲ್ಲಿ ಇದೇ ಕ್ರಮ ಇತ್ತು. ಸ್ವರ್ಣಲತಾ ತೋರಿಸುತ್ತಿದ್ದದ್ದೂ ಇದೇ ಕ್ರಮದಲ್ಲಿ.

ಪ್ರತಿ ಸೋಮವಾರ ಎಂಟು ಹೆಂಗಸರ ಒಂದು ತಂಡ. ನಾನಾ ಭಾಷೆಯವರಾದ್ದರಿಂದ ಅವಳು ಬಾಯಲ್ಲಿ ಹೇಳದೆ, ಎಲ್ಲರ ಎದುರು ಎರಡು ಸಲ ಮಾಡಿ ತೋರಿಸುವಳು. ಆಮೇಲೆ ಒಬ್ಬೊಬ್ಬರಾಗಿ ಬಂದು ಮಾಡಬೇಕು. ಅವಳ ಕೈಯಲ್ಲಿ ಒಂಬತ್ತು ಖಾನೆಗಳ ಹಾಳೆ; ಮಾಡಿದ್ದಕ್ಕೆ ಟಿಕ್, ಬಿಟ್ಟದ್ದಕ್ಕೆ ಕಾಟು. ಬಿಟ್ಟದ್ದನ್ನು ಹೇಳಿ ತಿದ್ದಿದರೆ ಅಲ್ಲಿಗೆ ಕಲಿಸುವುದು ಮುಗಿಯಿತು. ಮರುದಿನ ಅವರು ಬೆಲ್ಟಿನ ಪಕ್ಕದ ಮೇಜುಗಳಿಗೆ ಹೋಗುವರು.

ಕಳೆದ ಮೇ ತಿಂಗಳಲ್ಲಿ ಒಬ್ಬ ಡೀಲರ್ ನಲವತ್ತು ಕುಕ್ಕರ್ ವಾಪಸು ಕಳಿಸಿದ. ಎಲ್ಲದರಲ್ಲೂ ಗ್ಯಾಸ್ಕೆಟ್ ಒಂದು ಕಡೆ ಮಡಚಿಕೊಂಡಿತ್ತು. ಸ್ಟಿಕ್ಕರ್ ನೋಡಿದರೆ ಬಹುಪಾಲು ಮೂರನೇ ಮೇಜಿನದು. ಅಲ್ಲಿ ನಿಲ್ಲುತ್ತಿದ್ದವಳು ಚಂದ್ರಬಾಯಿ ಎಂಬ ಹೆಂಗಸು, ಕಲಬುರಗಿ ಜಿಲ್ಲೆಯವಳು, ಸೇರಿ ಐದು ವಾರವಷ್ಟೇ ಆಗಿತ್ತು.

ಪ್ರೊಡಕ್ಷನ್ ಮ್ಯಾನೇಜರ್ ಲತೀಶ್ ಸ್ವರ್ಣಲತಾಳನ್ನು ಕರೆಸಿದ. ಅವನೂ ಮಂಗಳೂರಿನವನು. ಯಾರೂ ಹತ್ತಿರವಿಲ್ಲದಾಗ ಇಬ್ಬರೂ ತುಳುವಿನಲ್ಲಿ ಮಾತಾಡುವರು.

"ಸ್ವರ್ಣಕ್ಕ, ಇವಳಿಗೆ ಕಲಿಸಿದ್ದು ನೀವೇ ಅಲ್ವಾ? ಒಂದು ಸಾಲು ಬರೆದುಕೊಡಿ, ಹೆಡ್ ಆಫೀಸಿಗೆ ಕಳಿಸಬೇಕು."

ಅವಳು ಚಂದ್ರಬಾಯಿಯ ಹಾಳೆ ತೆಗೆದು ನೋಡಿದಳು. ಐದನೆಯ ಖಾನೆಯಲ್ಲಿ ಕಾಟು, ಪಕ್ಕದಲ್ಲಿ 'ತಿದ್ದಿದೆ' ಎಂಬ ತನ್ನದೇ ಅಕ್ಷರ. ಕೆಳಗೆ ಇಂಗ್ಲಿಷಿನಲ್ಲಿ ಬರೆದಳು: ತರಬೇತಿ ಸರಿಯಾಗಿ ಕೊಡಲಾಗಿದೆ; ಕೆಲಸದವಳಿಗೆ ಗಮನವಿಲ್ಲ. ಸಹಿ ಹಾಕಿದಳು. ಮರುದಿನದಿಂದ ಚಂದ್ರಬಾಯಿಯನ್ನು ಕಳಿಸುವುದು ಬೇಡವೆಂದು ಕಂತ್ರಾಟುದಾರನಿಗೆ ಫೋನು ಹೋಯಿತು.

ಹೋಗುವಾಗ ಚಂದ್ರಬಾಯಿ ಜಗಳ ಮಾಡಲಿಲ್ಲ. ಏಪ್ರನ್ ಮಡಚಿ ಮೇಜಿನ ಮೇಲಿಟ್ಟು, "ನೀವು ತೋರಿಸಿದ್ದ ಮಾಡೀನ್ರಿ ಮ್ಯಾಡಮ್, ಬ್ಯಾರೆ ಏನೂ ಮಾಡಿಲ್ಲ" ಅಂದಳು. ಸ್ವರ್ಣಲತಾಳಿಗೆ ಸ್ವಲ್ಪ ಸಿಟ್ಟೇ ಬಂತು. ತೋರಿಸಿದ್ದನ್ನು ಮಾಡಿದ್ದರೆ ನಲವತ್ತು ಕುಕ್ಕರ್ ಯಾಕೆ ವಾಪಸು ಬರುತ್ತಿತ್ತು?

ಮುಂದಿನ ಸೋಮವಾರ ಬಂದ ತಂಡದಲ್ಲಿ ಐವರು ಗ್ಯಾಸ್ಕೆಟ್ ಬಿಟ್ಟರು. ಅವರಲ್ಲೊಬ್ಬಳು ಹತ್ತನೇ ತರಗತಿ ಪಾಸಾದ ಹುಡುಗಿ. ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು, ಬಾಯಲ್ಲೇ ಏನೋ ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಗಮನವಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಅವಳ ಹಾಳೆಯಲ್ಲಿ ಐದನೆಯ ಖಾನೆಗೆ ಕಾಟು ಹಾಕುವಾಗ ಸ್ವರ್ಣಲತಾಳ ಪೆನ್ನು ಒಂದು ಕ್ಷಣ ನಿಂತಿತು.

ಆ ದಿನ ಊಟದ ಬಿಡುವಿನಲ್ಲಿ ಅವಳು ಕಪಾಟು ತೆರೆದು ಹಳೆಯ ಹಾಳೆಗಳನ್ನು ಹೊರಗೆಳೆದಳು. ವರ್ಷದ ಶುರುವಿನಿಂದ ಇದ್ದವು. ಬಹುಪಾಲು ಕಾಣೆಯಾಗಿ, ಸಿಕ್ಕಿದ್ದು ನಲವತ್ತೊಂದು. ಇಷ್ಟು ದಿನ ಒಂದೊಂದು ಹಾಳೆಯನ್ನು ಒಂದೊಂದಾಗಿ ನೋಡಿದ್ದಳು. ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿದ್ದು ಅದೇ ಮೊದಲು. ಒಂದನೆಯ ಖಾನೆಯಲ್ಲಿ ಒಂದೂ ಕಾಟಿಲ್ಲ. ಎಂಟರಲ್ಲಿ ಒಂದು, ಒಂಬತ್ತರಲ್ಲಿ ಇಲ್ಲ. ಎರಡು, ಮೂರು, ಏಳರಲ್ಲಿ ಅಲ್ಲೊಂದು ಇಲ್ಲೊಂದು. ನಾಲ್ಕರಿಂದ ಆರರವರೆಗೆ ರಾಶಿ. ಐದರಲ್ಲಿ ಇಪ್ಪತ್ತಾರು.

ಆ ನಲವತ್ತೊಂದರಲ್ಲಿ ಓದಿದವರು, ಓದದವರು, ಮರಾಠಿಯವರು, ಬಿಹಾರದವರು, ರಾಯಚೂರಿನವರು ಎಲ್ಲ ಇದ್ದರು. ಇಷ್ಟು ಬೇರೆ ಬೇರೆ ಜನ ಒಂದೇ ಜಾಗದಲ್ಲಿ ಹೇಗೆ ಎಡವುತ್ತಾರೆ? ಡಬ್ಬಿಯ ಅನ್ನ ಹಾಗೆಯೇ ಉಳಿಯಿತು.

ಸಂಜೆ ಲೋಕಲ್ ರೈಲಿನಲ್ಲಿ ಉಲ್ಲಾಸನಗರ ದಾಟುವವರೆಗೂ ಅವಳು ಅದನ್ನೇ ಯೋಚಿಸಿದಳು. ಗ್ಯಾಸ್ಕೆಟ್ ತಪಾಸಣೆಯೇ ಮರೆತುಹೋಗುವಂಥದ್ದೋ? ಅಥವಾ ಅದು ಐದನೆಯದು ಎಂಬ ಕಾರಣಕ್ಕೆ ಮರೆಯುತ್ತದೋ? ಕಲ್ಯಾಣದಲ್ಲಿ ಜನ ನುಗ್ಗಿದಾಗ ಬಾಗಿಲ ಬಳಿ ಒತ್ತರಿಸಿಕೊಂಡು ನಿಂತಳು. ತಲೆಯಲ್ಲಿ ಆ ಪ್ರಶ್ನೆ ಮಾತ್ರ ಜರುಗಲಿಲ್ಲ.

ಮನೆಯಲ್ಲಿ ಗಂಡ ವಸಂತಕುಮಾರ ಟಿವಿ ಮುಂದಿದ್ದ. ಅವನು ಥಾಣೆಯ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವವನು. ಮಗಳು ನಿಶ್ಮಿತಾ ಬಿ.ಕಾಂ ಎರಡನೇ ವರ್ಷದಲ್ಲಿದ್ದಳು. ತುಳು, ಕನ್ನಡ ಎರಡೂ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತಿತ್ತು.

"ಇಬ್ಬರೂ ಇಲ್ಲಿ ನೋಡಿ. ನಾನು ಒಂಬತ್ತು ಮಾಡಿ ತೋರಿಸ್ತೇನೆ. ಮಾತಾಡ್ಲಿಕ್ಕಿಲ್ಲ. ಮುಗಿದ ಮೇಲೆ ನೀವು ಮಾಡಿ ತೋರಿಸ್ಬೇಕು."

"ಎಂತ ಇದು, ಕೆಲಸದಿಂದ ಬಂದು ಚಾ ಸಹ ಕುಡೀದೆ?" ಅಂದ ವಸಂತಕುಮಾರ. ಆದರೂ ಟಿವಿಯ ಸದ್ದು ಕಡಿಮೆ ಮಾಡಿದ.

ಸ್ವರ್ಣಲತಾ ಮೂಗು ಮುಟ್ಟಿಕೊಂಡಳು, ಚಪ್ಪಾಳೆ ತಟ್ಟಿದಳು, ಕಿವಿ ಎಳೆದುಕೊಂಡಳು, ಎಡ ಮೊಣಕೈ ಉಜ್ಜಿದಳು, ಬಲ ಮೊಣಕೈ ಉಜ್ಜಿದಳು, ಚಿಟಿಕೆ ಹೊಡೆದಳು, ಮೇಜು ತಟ್ಟಿದಳು, ಕೈ ಕಟ್ಟಿದಳು, ಎರಡೂ ಕೈ ಮೇಲೆತ್ತಿದಳು.

ವಸಂತಕುಮಾರ ಮೂಗು, ಚಪ್ಪಾಳೆ, ಕಿವಿ ಸರಾಗವಾಗಿ ಮಾಡಿ ನಿಂತುಬಿಟ್ಟ. ಸ್ವಲ್ಪ ಹೊತ್ತು ಗಾಳಿಯಲ್ಲಿ ಕೈ ಆಡಿಸಿ, ಕೊನೆಗೆ ಎರಡೂ ಕೈ ಮೇಲೆತ್ತಿದ. ನಿಶ್ಮಿತಾ ಬೇರೆ ರೀತಿ ಮಾಡಿದಳು. ಮೊದಲು ಕೈ ಮೇಲೆತ್ತಿದಳು, ಆಮೇಲೆ ಕೈ ಕಟ್ಟಿದಳು, ಮೇಜು ತಟ್ಟಿದಳು, ಅಲ್ಲಿಂದ ಹಾರಿ ಮೂಗಿಗೆ ಹೋದಳು. ಒಂದು ಮೊಣಕೈಯನ್ನಷ್ಟೇ ಉಜ್ಜಿದಳು.

"ಮಧ್ಲೇ ಸಗ್ಳೇ ಗೇಲೇ, ಮಮ್ಮಾ," ಅಂದಳು. ನಡುವಿನದ್ದೆಲ್ಲ ಹೋಯಿತು ಎಂದು.

"ಯಾಕೆ ಹೋಯ್ತು? ನೀನು ಫೋನ್ ನೋಡ್ತಾ ಇದ್ದಿಯಾ?"

"ನಹೀಂ ರೇ, ಪೂರಾ ದೇಖಾ. ಆಖರೀಕಾ ಅಭೀ ಭೀ ಆಂಖ್ ಮೇ ಹೈ, ಇಸಲಿಯೇ ವಹೀ ಪೆಹಲೇ ಕಿಯಾ."

ಪೂರ್ತಿ ನೋಡಿದೆ, ಕೊನೆಯದ್ದು ಇನ್ನೂ ಕಣ್ಣಲ್ಲೇ ಇದೆ, ಅದಕ್ಕೇ ಅದನ್ನು ಮೊದಲು ಮಾಡಿದೆ. ಮಗಳ ಈ ಮಾತನ್ನು ಸ್ವರ್ಣಲತಾ ಮರೆಯುವ ಮೊದಲೇ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು. ಅವಳಿಗೆ ಖುಷಿಯೂ ಆಗಿತ್ತು, ಒಳಗೆ ಎಲ್ಲೋ ಕಸಿವಿಸಿಯೂ ಆಗಿತ್ತು.

ಮರುದಿನ ಲತೀಶ್‌ನ ಹತ್ತಿರ ಹೋದಳು. "ಮುಂದಿನ ತಂಡಕ್ಕೆ ನಾನು ಕ್ರಮ ಬದಲಿಸಿ ತೋರಿಸ್ತೇನೆ. ಗ್ಯಾಸ್ಕೆಟನ್ನು ಮೊದಲು ತರ್ತೇನೆ, ಬೆಳಕಿಗೆ ಹಿಡಿದು ನೋಡುವುದನ್ನು ಐದಕ್ಕೆ ಹಾಕ್ತೇನೆ. ಅವೆರಡು ಮಾತ್ರ ಅದಲು ಬದಲು. ಬೇರೆ ಯಾವುದನ್ನೂ ಮುಟ್ಟುವುದಿಲ್ಲ."

"ಚಾರ್ಟಿಗೆ ಹೆಡ್ ಆಫೀಸಿನ ಸಹಿ ಇದೆ, ಸ್ವರ್ಣಕ್ಕ."

"ಚಾರ್ಟ್ ಅಲ್ಲೇ ಇರಲಿ. ತೋರಿಸುವುದು ಮಾತ್ರ."

"ಬೆಳಕಿನದ್ದನ್ನು ಇಷ್ಟರವರೆಗೆ ಯಾರೂ ತಪ್ಪಿಸಿದ್ದಿಲ್ಲ ಅಲ್ವಾ? ಅದನ್ನು ಯಾಕೆ ಮುಟ್ಟುತ್ತೀರಿ?"

"ಯಾರೂ ತಪ್ಪಿಸಿಲ್ಲ. ಅದಕ್ಕೇ."

ಲತೀಶ್ ಅವಳ ಮುಖ ನೋಡಿದ. ಎರಡು ತಂಡಕ್ಕೆ ಮಾತ್ರ ಮಾಡಿ ಅಂದ. ಆ ಎರಡು ತಂಡದವರನ್ನು ಮೂರು ದಿನ ಹೆಚ್ಚು ಕಲಿಸದೆ ಬೆಲ್ಟಿಗೆ ಬಿಡಬಾರದು ಎಂದೂ ಸೇರಿಸಿದ. ಅದು ನ್ಯಾಯವೇ. ಕೊಳವೆ ಕಟ್ಟಿಕೊಂಡರೆ ಆವಿ ಹೋಗಲು ದಾರಿಯಿಲ್ಲ. ಗ್ಯಾಸ್ಕೆಟ್ ಸೋರಿದ ಹಾಗಲ್ಲ ಅದು.

ಎರಡು ಸೋಮವಾರ, ಹದಿನಾರು ಹೆಂಗಸರು. ಗ್ಯಾಸ್ಕೆಟನ್ನು ಒಬ್ಬಳೂ ಬಿಡಲಿಲ್ಲ. ಬೆಳಕಿಗೆ ಹಿಡಿದು ನೋಡುವುದನ್ನು ಆರು ಜನ ಬಿಟ್ಟರು. ತಲೆಯ ಮೇಲೆ ಕೈ ಎತ್ತಿ, ಒಂದು ಕಣ್ಣು ಮುಚ್ಚಿ, ಇಡೀ ಕೋಣೆಗೆ ಕಾಣುವಂತೆ ಮಾಡಿದ್ದು ಅದೊಂದೇ. ಅದನ್ನೂ ಬಿಟ್ಟರು. ಕೇಳಿದರೆ, "ಹೌದು, ಮಾಡಿದ್ದಿರಿ, ನೋಡಿದ್ದೆ" ಅನ್ನುತ್ತಿದ್ದರು. ನೋಡಿದ್ದು ಸುಳ್ಳಲ್ಲ. ಕೈಗೆ ಬರಲಿಲ್ಲ, ಅಷ್ಟೇ.

ಹಾಳೆಗಳನ್ನು ಮುಂದಿಟ್ಟುಕೊಂಡು ಸ್ವರ್ಣಲತಾ ತುಂಬ ಹೊತ್ತು ಕುಳಿತಳು. ಮರೆವು ಹೆಂಗಸರದ್ದಲ್ಲ, ಗ್ಯಾಸ್ಕೆಟಿನದ್ದೂ ಅಲ್ಲ, ಜಾಗದ್ದು. ಹಾಗಾದರೆ ತಾನು ಚಂದ್ರಬಾಯಿಯ ಬಗ್ಗೆ ಬರೆದ ಸಾಲು ತಪ್ಪು. ಅದು ಮೊದಲ ಯೋಚನೆ. ಎರಡನೆಯದು ಬೇರೆ. ಐದನೆಯ ಜಾಗದಲ್ಲಿದ್ದಾಗ ಗ್ಯಾಸ್ಕೆಟನ್ನು ಮರೆತವರು ನಲವತ್ತೊಂದರಲ್ಲಿ ಇಪ್ಪತ್ತಾರು, ಅರ್ಧಕ್ಕಿಂತ ಎಷ್ಟೋ ಹೆಚ್ಚು. ಅದೇ ಜಾಗದಲ್ಲಿ ಬೆಳಕನ್ನು ಮರೆತವರು ಹದಿನಾರರಲ್ಲಿ ಆರು, ಅರ್ಧವೂ ಇಲ್ಲ. ಜಾಗವೊಂದೇ ಕಾರಣವಾಗಿದ್ದರೆ ಎರಡೂ ಹತ್ತಿರ ಹತ್ತಿರ ಬರಬೇಕಿತ್ತು. ಗ್ಯಾಸ್ಕೆಟಿಗೆ ಇನ್ನೊಂದು ಏನೋ ಅಂಟಿಕೊಂಡಿದೆ. ಅದೇನು ಎಂದು ಹೊಳೆಯಲಿಲ್ಲ.

ಹೇಳಬಲ್ಲವರು ಮರೆತವರೇ ಅನ್ನಿಸಿತು. ಕಂತ್ರಾಟುದಾರನಿಂದ ಚಂದ್ರಬಾಯಿಯ ನಂಬರು ತೆಗೆದುಕೊಂಡು, ಭಾನುವಾರ ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದು ದಿವಾ ಸ್ಟೇಷನ್ನಿನಲ್ಲಿ ಇಳಿದಳು.

ಪೂರ್ವದ ಕಡೆಯ ಒಂದು ಚಾಳಿನಲ್ಲಿ ಮೂರನೇ ಖೋಲಿ. ಚಂದ್ರಬಾಯಿ ಬಾಗಿಲಲ್ಲೇ ನಿಂತಿದ್ದಳು. ಗಂಡ ಗುರುವಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ, ಕೆಲಸಕ್ಕೆ ಹೋಗಿದ್ದ. ಒಳಗೆ ಚಾಪೆಯ ಮೇಲೆ ರೇಷ್ಮೆ ದಾರ, ಮಣಿ, ಅಂಟಿನ ಬಾಟಲಿ, ಅರ್ಧ ಮುಗಿದ ರಾಖಿಗಳು. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಕೂತು ಕಟ್ಟುತ್ತಿದ್ದರು.

"ಬರ್ರಿ ಮ್ಯಾಡಮ್, ಕುಂದರ್ರಿ. ಹಬ್ಬ ಬರೂತನ ಇದ ಕೆಲಸ ಹಿಡದೀನಿ." ಚಂದ್ರಬಾಯಿ ನೀರು ಕೊಟ್ಟಳು. "ಇಷ್ಟ ದೂರ ಯಾಕ ಬಂದ್ರಿ?"

"ನಿಮ್ಮ ಹತ್ರ ಎರಡು ವಿಷಯ ಇತ್ತು. ಒಂದು ಹೇಳ್ಲಿಕ್ಕೆ, ಒಂದು ಕೇಳ್ಲಿಕ್ಕೆ. ನಿಮ್ಮ ಮೇಲೆ ನಾನು ಬರೆದದ್ದು ತಪ್ಪು. ಅದನ್ನು ಹೇಳ್ಬೇಕಿತ್ತು."

"ಏನ್ ಬರದಿದ್ರಿ? ನಂಗ ಓದಲಿಕ್ಕ ಬರಂಗಿಲ್ಲ. ಯಾರೂ ಹೇಳೂ ಇಲ್ಲ. ಬ್ಯಾಡಂದ್ರು, ಬಂದೆ."

ಸ್ವರ್ಣಲತಾ ಇದನ್ನು ಎಣಿಸಿರಲಿಲ್ಲ. ಚಂದ್ರಬಾಯಿಗೆ ಗೊತ್ತಿರುತ್ತದೆ, ಕ್ಷಮೆ ಕೇಳಿದರೆ ಆಯಿತು ಎಂದುಕೊಂಡು ಬಂದಿದ್ದಳು. ಈಗ ಆ ಸಾಲನ್ನು ಅವಳೇ ಬಾಯಿಬಿಟ್ಟು ಹೇಳಬೇಕಾಯಿತು. "ತರಬೇತಿ ಸರಿ ಕೊಟ್ಟಿದೆ, ಕೆಲಸದವಳಿಗೆ ಗಮನ ಇಲ್ಲ. ಹಾಗೆ ಬರೆದಿದ್ದೆ."

ಮಣಿ ಪೋಣಿಸುತ್ತಿದ್ದ ಹೆಂಗಸರ ಕೈ ನಿಂತಿತು. ಚಂದ್ರಬಾಯಿ ಕೆಳಗೆ ನೋಡುತ್ತ ಒಂದು ದಾರದ ಸಿಕ್ಕು ಬಿಡಿಸಿದಳು.

"ಗಮನ ಇಲ್ಲಂತ ನಂಗ ಇಲ್ಲೀತನ ಯಾರೂ ಅಂದಿಲ್ಲರಿ," ಅಂದಳು. "ಕಟ್ಟಡದ ಕೆಲಸದಾಗ ಹನ್ನೆರಡು ವರ್ಷ ಇದ್ದೆ. ಮಾಳಗಿ ಮ್ಯಾಲ ನಿಂತು ಬುಟ್ಟಿ ಕೊಡಾಕಿ. ಗಮನ ಇಲ್ಲಂದ್ರ ನಾ ಇವತ್ತ ಇರ್ತಿದ್ದಿಲ್ಲ."

ಸ್ವರ್ಣಲತಾ ನೀರಿನ ಲೋಟ ಕೆಳಗಿಟ್ಟಳು. ಚಂದ್ರಬಾಯಿಯೇ, "ಇನ್ನೊಂದು ಏನೋ ಕೇಳೂದೈತಿ ಅಂದ್ರಿ," ಅಂದಳು.

"ಆ ದಿನ ನಾನು ತೋರಿಸಿದ್ದು ನಿಮಗೆ ಹೇಗೆ ಕಂಡಿತು, ಅದನ್ನು ನೀವು ಮಾಡಿ ತೋರಿಸ್ತೀರಾ? ಸರಿ ತಪ್ಪು ನೋಡ್ಲಿಕ್ಕಲ್ಲ. ನನಗೆ ತಿಳ್ಕೊಳ್ಬೇಕು."

ಚಂದ್ರಬಾಯಿ ಎದ್ದು ತನ್ನ ಅಡಿಗೆಯ ಕುಕ್ಕರಿನ ಮುಚ್ಚಳ ತಂದಳು. ಒಂದು ಕ್ಷಣವೂ ತಡವರಿಸಲಿಲ್ಲ. ಬಾಗಿಲ ಬೆಳಕಿಗೆ ಹಿಡಿದಳು, ಹಿಡಿ ಅಲ್ಲಾಡಿಸಿದಳು, ಸ್ಕ್ರೂ ಒತ್ತಿದಳು, ಅಂಚಿನ ಸುತ್ತ ಬೆರಳು ಓಡಿಸಿದಳು. ಮತ್ತೆ ಅದೇ ಅಂಚಿನ ಸುತ್ತ ಇನ್ನೊಂದು ಸಲ ಓಡಿಸಿದಳು. ಆಮೇಲೆ ವಾಲ್ವ್ ಒತ್ತಿದಳು.

"ನಿಲ್ಲಿ ನಿಲ್ಲಿ," ಅಂದಳು ಸ್ವರ್ಣಲತಾ. "ಅಂಚನ್ನು ಎರಡು ಸಲ ಯಾಕೆ ನೋಡಿದ್ರಿ?"

"ನೀವ ಎರಡ ಸಲ ನೋಡಿದ್ರಿ ಅಲ್ಲ? ಒಂದ ಸುತ್ತ ಬೆರಳ ತಿರುವಿದ್ರಿ, ಹೊಳ್ಳಿ ಒಂದ ಸುತ್ತ ತಿರುವಿದ್ರಿ. ಮೊದಲ್ನೇ ಸಲ ಹಿಂದ ನಿಂತೋರಿಗೆ ಕಾಣಲಿಲ್ಲ, ಅದಕ್ಕ ಮತ್ತ ತೋರಸ್ಲಿಕ್ಕತ್ತಾರ ಅನ್ಕೊಂಡೆ. ಆಮ್ಯಾಲೆ ಐದ್ನೇದು ಬಿಟ್ಟೀರಿ ಅಂತ ನೀವು ಹೇಳಿದ್ರಲ್ಲ, ಆವಾಗೂ ನಾ ಎರಡ್ನೇ ಸುತ್ತು ಬಿಟ್ಟೀನಿ ಅಂತ ತಿಳ್ಕೊಂಡು, ದಿನಾ ಎರಡ ಸುತ್ತ ನೋಡ್ತಿದ್ದೆ. ಬೆರಳ ಉರಿತಿದ್ವು ಸಂಜೀಕ."

ಸ್ವರ್ಣಲತಾ ಮುಚ್ಚಳ ತೆಗೆದುಕೊಂಡು ತಾನೇ ನಿಧಾನವಾಗಿ ಮಾಡಿದಳು. ಅಂಚಿನ ಸುತ್ತ ಬೆರಳು. ಗ್ಯಾಸ್ಕೆಟಿನ ಸುತ್ತ ಬೆರಳು. ಎರಡರ ನಡುವೆ ಅಂತರ ಒಂದು ಬೆರಳಿನ ದಪ್ಪದಷ್ಟೂ ಇಲ್ಲ. ಕೈ ಎತ್ತುವುದೇ ಇಲ್ಲ. ಎದುರಿಗೆ ನಿಂತವರಿಗೆ ಮುಚ್ಚಳದ ಬೆನ್ನು ಮಾತ್ರ ಕಾಣುತ್ತದೆ, ಒಂದು ಕೈ ಎರಡು ಸಲ ಸುತ್ತುವುದು ಕಾಣುತ್ತದೆ. ಹದಿನೈದು ವರ್ಷದಿಂದ ಅವಳಿಗೆ ಅವು ಎರಡು ಕೆಲಸ, ಯಾಕೆಂದರೆ ಅವಳ ಬೆರಳಿಗೆ ಒಂದು ಕಡೆ ಲೋಹ ತಾಗುತ್ತದೆ, ಇನ್ನೊಂದು ಕಡೆ ರಬ್ಬರ್. ನೋಡುವವರ ಬೆರಳಿಗೆ ಏನೂ ತಾಗುವುದಿಲ್ಲ.

"ಓ," ಅಂದಳು, ತನಗೇ ಹೇಳಿಕೊಂಡಂತೆ. ಮನೆಯಲ್ಲಿ ಮಗಳು ಒಂದೇ ಮೊಣಕೈ ಉಜ್ಜಿದ್ದು ಈಗ ಅರ್ಥವಾಯಿತು.

ಚಹಾ ಬಂತು. ಪಕ್ಕದ ಮನೆಯ ಹೆಂಗಸರಲ್ಲಿ ಒಬ್ಬಳು ಕೆಲಸಕ್ಕೆ ಹೊಸಬಳು. ಚಂದ್ರಬಾಯಿ ಅವಳಿಗೆ ಕಲಿಸುವುದನ್ನು ಸ್ವರ್ಣಲತಾ ನೋಡುತ್ತ ಕೂತಳು. ಚಂದ್ರಬಾಯಿ ಎದುರಿಗೆ ಕೂರಲಿಲ್ಲ. ಮಗ್ಗುಲಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ ಕೂತಳು. ದಾರ ಮಡಚಿ, ಗಂಟು ಹಾಕಿ, ಮಣಿ ಏರಿಸಿ ನಿಲ್ಲಿಸಿದಳು. "ಹಾಂ, ಈಗ ನೀ ಮಾಡು," ಎಂದು ದಾರವನ್ನು ಅವಳ ಕೈಗೆ ಕೊಟ್ಟಳು. ಅವಳು ಮಾಡಿದ ಮೇಲೆ ಮುಂದಿನ ಮೂರು ತೋರಿಸಿದಳು.

"ಪೂರ್ತಿ ಒಂದೇ ಸಲ ಯಾಕೆ ತೋರಿಸುವುದಿಲ್ಲ?" ಸ್ವರ್ಣಲತಾ ಕೇಳಿದಳು.

"ಎಲ್ಲಾ ಒಮ್ಮೆ ತೋರಿಸಿದ್ರ ಕೊನೀದ ಹಿಡಕೊಂಡು ಕುಂದ್ರತಾರ್ರಿ. ನಡುವಿಂದು ಉದುರಿ ಹೋಗ್ತದ. ಮೂರು ಅಂದ್ರ ಕೈಯಾಗ ನಿಲ್ತದ." ಚಂದ್ರಬಾಯಿ ಸ್ವಲ್ಪ ಯೋಚಿಸಿ, "ನಾಲ್ಕೂ ನಿಲ್ತದ ಒಬ್ಬೊಬ್ಬರಿಗೆ. ಐದ ಅಂದ್ರ ಕಷ್ಟ," ಅಂದಳು.

ವಾರಗಟ್ಟಲೆ ಹಾಳೆ ಹರಡಿಕೊಂಡು ತಾನು ಹುಡುಕಿದ್ದನ್ನು ಈ ಹೆಂಗಸು ನೀರು ಕುಡಿದಷ್ಟು ಸಲೀಸಾಗಿ ಹೇಳಿದಳಲ್ಲ ಎಂದು ಸ್ವರ್ಣಲತಾಳಿಗೆ ಅನ್ನಿಸಿತು. ಅಸೂಯೆಯಲ್ಲ, ಇನ್ನಷ್ಟು ಕೇಳಬೇಕು ಎಂಬ ಆಸೆ. ಹನ್ನೆರಡೂವರೆಯ ತನಕ ಕೂತು ಕೇಳಿದಳು. ಬರುವಾಗ ಕೇಳಿದಳು: "ವಾಪಸು ಬರ್ತೀರಾ, ಕರೆಸಿದರೆ?"

"ಹಬ್ಬದ ಮಾಲು ಮುಗಿಸಿಕೊಡ್ತೀನಂತ ಮಾತು ಕೊಟ್ಟೀನ್ರಿ. ಅದು ಮುಗದ ಮ್ಯಾಲ ನೋಡೋಣ." ಆಮೇಲೆ ಮೆಲ್ಲಗೆ ಸೇರಿಸಿದಳು: "ಆ ಬರದದ್ದು ಮೊದ್ಲ ಅಳಸ್ರಿ."

ಸೋಮವಾರದ ತಂಡಕ್ಕೆ ಸ್ವರ್ಣಲತಾ ಎಲ್ಲವನ್ನೂ ಬದಲಿಸಿದಳು. ಮೇಜನ್ನು ಗೋಡೆಗೆ ತಿರುಗಿಸಿ, ಹೆಂಗಸರನ್ನು ತನ್ನ ಎರಡು ಮಗ್ಗುಲಿಗೆ ನಿಲ್ಲಿಸಿಕೊಂಡಳು. ಒಂಬತ್ತನ್ನು ಮೂರು ಮೂರಾಗಿ ಒಡೆದಳು. ಪ್ರತಿ ಮೂರಾದ ಮೇಲೆ ಮುಚ್ಚಳ ಕೆಳಗಿಟ್ಟು, ಅವರ ಕೈಯಿಂದ ಮಾಡಿಸಿದಳು. ಗ್ಯಾಸ್ಕೆಟ್ ಮೊದಲನೆಯ ಮೂರರಲ್ಲಿ ಬಂತು, ಅಂಚು ಎರಡನೆಯದರಲ್ಲಿ. ಸುತ್ತುವ ಕೆಲಸ ಎರಡು ಒಂದರ ಪಕ್ಕ ಒಂದು ಬರದಂತೆ ನೋಡಿಕೊಂಡಳು. ಕೊನೆಗೆ ಎಲ್ಲ ಒಟ್ಟಿಗೆ. ಎಂಟು ಹಾಳೆಗಳಲ್ಲಿ ಎಲ್ಲ ಸೇರಿ ಎರಡು ಕಾಟು. ಮುಂದಿನ ವಾರ ಮೂರು. ಅದರ ಮುಂದಿನ ವಾರ ಒಂದು.

ಲತೀಶ್‌ಗೆ ಸಂತೋಷವಾಯಿತು. ಹೆಡ್ ಆಫೀಸಿಗೆ ಕಳಿಸಲು ಒಂದು ವರದಿ ಮಾಡೋಣ ಅಂದ.

"ಮಾಡುವ. ಅದರ ಜೊತೆ ಚಂದ್ರಬಾಯಿಯ ಮೇಲೆ ಬರೆದದ್ದನ್ನು ವಾಪಸು ತಗೊಳ್ಬೇಕು," ಅಂದಳು ಸ್ವರ್ಣಲತಾ.

"ಅದು ಮುಗಿದ ಫೈಲು, ಸ್ವರ್ಣಕ್ಕ. ಈಗ ಅದನ್ನು ತೆಗೆದರೆ, ಹಾಗಾದರೆ ತಪ್ಪು ಯಾರದ್ದು ಅಂತ ಕೇಳ್ತಾರೆ. ನಿಮ್ಮ ಹೆಸರು ಬರ್ತದೆ."

"ಬರಲಿ. ನನ್ನದೇ ಅಲ್ವಾ?"

"ನಿಮ್ಮದು ಅಂತಲೂ ಹೇಳ್ಲಿಕ್ಕಾಗುವುದಿಲ್ಲ. ಚಾರ್ಟಿನ ಪ್ರಕಾರ ತೋರಿಸಿದ್ರಿ."

"ಆರು ವರ್ಷ ಕಾಟು ಹಾಕಿದವಳು ನಾನು. ಒಂದು ದಿನ ಆ ಕಾಟುಗಳನ್ನು ಒಟ್ಟಿಗೆ ಇಟ್ಟು ನೋಡಲಿಲ್ಲ. ಅದು ನನ್ನದೇ."

ಅವಳು ನಲವತ್ತೊಂದು ಹಾಳೆಗಳ ಜೆರಾಕ್ಸ್ ಮಾಡಿಸಿ, ಒಂದು ಪುಟದ ಕಾಗದ ಬರೆದಳು. ಲತೀಶ್ ಎರಡು ದಿನ ತನ್ನ ಮೇಜಿನ ಮೇಲಿಟ್ಟುಕೊಂಡು ಕೊನೆಗೆ ಕಳಿಸಿದ. ಉತ್ತರ ಬರಲು ಮೂರು ವಾರ ಹಿಡಿಯಿತು. ಹೊಸ ಕ್ರಮಕ್ಕೆ ಒಪ್ಪಿಗೆ; ಚಂದ್ರಬಾಯಿಯ ಫೈಲಿನ ಷರಾ ರದ್ದು; ಇಷ್ಟು ವರ್ಷ ಗಮನಿಸದಿದ್ದುದಕ್ಕೆ ಸ್ವರ್ಣಲತಾಳಿಗೆ ಲಿಖಿತ ಎಚ್ಚರಿಕೆ. ಕೊನೆಯದನ್ನು ಓದಿ ಅವಳಿಗೆ ಕಣ್ಣು ತುಂಬಿ ಬಂತು. ಅದೇ 'ಗಮನ' ಎಂಬ ಪದ ಈಗ ತನ್ನ ಫೈಲಿನಲ್ಲಿ ಕೂತಿತ್ತು. ಅದು ಎಷ್ಟು ಭಾರದ ಪದ ಎಂದು ಗೊತ್ತಾಯಿತು. ಮನೆಯಲ್ಲಿ ವಸಂತಕುಮಾರ, "ಬೇಡದ ಉಸಾಬರಿ ಹಚ್ಚಿಕೊಂಡೆ ನೀನು," ಅಂದ.

ರಾಖಿ ಹಬ್ಬ ಮುಗಿದ ಮರುವಾರ ಚಂದ್ರಬಾಯಿ ಬಂದಳು. ನಿಯಮದ ಪ್ರಕಾರ ಮತ್ತೆ ಕಲಿಕೆಯ ತಂಡದಲ್ಲೇ ನಿಲ್ಲಬೇಕಿತ್ತು. ಒಂಬತ್ತನ್ನೂ ತಪ್ಪಿಲ್ಲದೆ ಮಾಡಿದಳು. ಗ್ಯಾಸ್ಕೆಟಿನ ಸುತ್ತ ಬೆರಳು ಓಡಿಸುವಾಗ ಮಾತ್ರ ಅಗತ್ಯಕ್ಕಿಂತ ನಿಧಾನ ಮಾಡಿ, ತಲೆ ಎತ್ತಿ ಸ್ವರ್ಣಲತಾಳನ್ನು ನೋಡಿದಳು. ಅವಳ ಹಾಳೆಗೆ ಒಂಬತ್ತು ಟಿಕ್ ಬಿದ್ದವು.

ಎರಡು ವಾರದ ಮೇಲೆ, ರಾಯಚೂರು ಕಡೆಯ ಐವರಿದ್ದ ಒಂದು ತಂಡ ಬಂದಾಗ, ಸ್ವರ್ಣಲತಾ ಲತೀಶ್‌ನ ಒಪ್ಪಿಗೆ ಪಡೆದು ಚಂದ್ರಬಾಯಿಯಿಂದಲೇ ಕಲಿಸಿದಳು. ತಾನು ಹಾಳೆ ಹಿಡಿದು ಪಕ್ಕಕ್ಕೆ ನಿಂತಳು. ಚಂದ್ರಬಾಯಿ ತನ್ನದೇ ಕ್ರಮ ಕಟ್ಟಿಕೊಂಡಿದ್ದಳು: ಮೊದಲು ಕೈ ಸಾಕಾಗುವಂಥವು ಮೂರು, ಆಮೇಲೆ ಕಣ್ಣು ಬೇಕಾದವು ಮೂರು, ಕೊನೆಗೆ ಸೀಟಿ, ಮುಚ್ಚುವುದು ಮತ್ತು ಸ್ಟಿಕ್ಕರ್. ಎಂಟು ಜನರಲ್ಲಿ ಏಳು ಜನ ಎಲ್ಲ ಮಾಡಿದರು. ಒಬ್ಬಳು ಸೀಟಿ ಕೂರಿಸುವುದನ್ನು ಬಿಟ್ಟಳು.

ಊಟದ ಬಿಡುವಿನಲ್ಲಿ ಇಬ್ಬರೂ ಕ್ಯಾಂಟೀನಿನ ಬೆಂಚಿನ ಮೇಲೆ ಕೂತರು. ನಡುವೆ ಆ ಒಂದು ಹಾಳೆ. ಸೀಟಿಯನ್ನು ಈವರೆಗೆ ಬಿಟ್ಟವರು ತೀರ ಕಡಿಮೆ.

"ಏಳನೇದು. ನಡುವಿನದ್ದೂ ಅಲ್ಲ," ಅಂದಳು ಸ್ವರ್ಣಲತಾ.

"ಸೀಟಿ ಮನ್ಯಾಗೂ ದಿನಾ ಹಾಕ್ತೀವಿ ಅಲ್ಲರಿ. ಅದನ್ನ ಕಲೀಬೇಕಂತ ಆಕಿಗೆ ಅನಿಸಿಲ್ಲ ಕಾಣ್ತದ," ಅಂದಳು ಚಂದ್ರಬಾಯಿ.

"ಹಾಗಾದ್ರೆ ಗೊತ್ತಿರುವುದೇ ಜಾಸ್ತಿ ಮರೀಬೇಕಲ್ವಾ? ಮುಚ್ಚುವುದೂ ದಿನಾ ಮಾಡ್ತೇವೆ. ಅದನ್ನು ಇಷ್ಟರವರೆಗೆ ಮರೆತವಳು ಒಬ್ಬಳೇ."

ಚಂದ್ರಬಾಯಿ ರೊಟ್ಟಿ ಮುರಿಯುತ್ತ ಯೋಚಿಸಿದಳು. "ಆಕಿನ್ನ ಕೇಳೋಣ ನಡೀರಿ," ಅಂದಳು. ಇಬ್ಬರೂ ಡಬ್ಬಿ ಮುಚ್ಚಿಟ್ಟು, ಕೈ ತೊಳೆದುಕೊಂಡು, ಆ ಹೆಂಗಸು ಕೂತಿದ್ದ ಕಡೆಗೆ ಹೋದರು.